ಕ್ಯಾಲಿಫೋರ್ನಿಯಾ ಪ್ರೈಮರಿ: ನಮ್ಮವರ ಮತ ಸೋರಿಹೋಗುವ ಜಾಗಗಳು

ಸಾಂತಾ ಕ್ಲಾರಾ ಕೌಂಟಿಯಲ್ಲಿ ಹೊಸದಾಗಿ ಪೌರತ್ವ ಪಡೆದ ಕನ್ನಡಿಗರಿಗೆ ಮತದಾನದ ಕಾಗದಪತ್ರಗಳಲ್ಲಿ ನೆರವಾಗುವಾಗ, 2020ರ ಮತ್ತು 2024ರ ಪ್ರೈಮರಿಗಳಲ್ಲಿ (ಮುಖ್ಯ ಚುನಾವಣೆಗೆ ಅಭ್ಯರ್ಥಿಗಳನ್ನು ಆರಿಸುವ ಮೊದಲ ಸುತ್ತಿನ ಮತದಾನ) ಅತಿ ಹೆಚ್ಚು ಕೇಳಿದ ಮಾತು ಒಂದೇ: ‘ಬ್ಯಾಲೆಟ್ ಮನೆಗೆ ಬಂತು, ಅದರಲ್ಲಿ ಅಧ್ಯಕ್ಷರ ಸ್ಪರ್ಧೆಯೇ ಇಲ್ಲ.’ ಇದು ಮುದ್ರಣದ ತಪ್ಪಲ್ಲ. ನೋಂದಣಿ ಫಾರಂನಲ್ಲಿ ಪಕ್ಷ ಯಾವುದು ಎಂದು ಕೇಳುವ ಜಾಗವಿದೆ. ಊರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗ ಯಾರೂ ಪಕ್ಷ ಕೇಳುವುದಿಲ್ಲ. ಹಾಗಾಗಿ ನಮ್ಮವರು ‘ಯಾವ ಪಕ್ಷವೂ ಇಲ್ಲ’ ಎಂಬಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ಕಾಂಗ್ರೆಸ್, ವಿಧಾನಸಭೆಯಂಥ ಸ್ಥಾನಗಳಿಗೆ ಅದರಿಂದ ತೊಂದರೆಯಿಲ್ಲ, 2010ರಲ್ಲಿ ಜನಮತದಿಂದ ಬಂದ ನಿಯಮದಂತೆ ಎಲ್ಲ ಅಭ್ಯರ್ಥಿಗಳೂ ಒಂದೇ ಪಟ್ಟಿಯಲ್ಲಿರುತ್ತಾರೆ. ಅಧ್ಯಕ್ಷ ಸ್ಥಾನ ಮಾತ್ರ ಆ ನಿಯಮದಿಂದ ಹೊರಗೆ. ಅಲ್ಲಿ ಯಾರಿಗೆ ಬಾಗಿಲು ತೆರೆಯಬೇಕು ಎಂಬುದು ಪಕ್ಷದ ತೀರ್ಮಾನ.

ಈ ಎರಡೂ ಪ್ರೈಮರಿಗಳಲ್ಲಿ ಡೆಮಾಕ್ರಟಿಕ್, ಲಿಬರ್ಟೇರಿಯನ್, ಅಮೆರಿಕನ್ ಇಂಡಿಪೆಂಡೆಂಟ್ ಪಕ್ಷಗಳು ಪಕ್ಷವಿಲ್ಲದವರಿಗೂ ಬ್ಯಾಲೆಟ್ ಕೊಟ್ಟವು, ಆದರೆ ನಾವಾಗಿ ಕೇಳಬೇಕು. ರಿಪಬ್ಲಿಕನ್ ಪಕ್ಷ ಕೊಡಲಿಲ್ಲ. ಅಲ್ಲಿ ಮತ ಹಾಕಲು ಆ ಪಕ್ಷಕ್ಕೇ ನೋಂದಣಿ ಬದಲಿಸಬೇಕು. ಚುನಾವಣೆಗೆ ಮುಂಚೆ ಕೌಂಟಿಯಿಂದ ಒಂದು ಕಾರ್ಡು ಬರುತ್ತದೆ, ಯಾವ ಪಕ್ಷದ ಬ್ಯಾಲೆಟ್ ಬೇಕೆಂದು ಅದರಲ್ಲಿ ತಿಳಿಸಬೇಕು. ಜಾಹೀರಾತು ಕಾಗದಗಳ ನಡುವೆ ಅದು ಕಸದ ಬುಟ್ಟಿಗೆ ಹೋಗುವುದೇ ಹೆಚ್ಚು.

‘ಸ್ವತಂತ್ರ’ ಎಂಬ ಅರ್ಥದಲ್ಲಿ ‘ಅಮೆರಿಕನ್ ಇಂಡಿಪೆಂಡೆಂಟ್’ ಆರಿಸಿಕೊಂಡವರಿಗೆ ಇನ್ನೂ ಕಷ್ಟ. ಅದು ಬೇರೆಯೇ ಒಂದು ಪಕ್ಷ, ಅವರಿಗೆ ಅದರ ಬ್ಯಾಲೆಟ್ ಮಾತ್ರ ಸಿಗುತ್ತದೆ. ಮೊದಲು ನೋಂದಣಿ ಸರಿಪಡಿಸಬೇಕು.

ದಾರಿ ಮುಚ್ಚಿಲ್ಲ. ಮನೆಗೆ ಬಂದ ಬ್ಯಾಲೆಟ್ಟನ್ನು ಕವರ್ ಸಮೇತ ಮತ ಕೇಂದ್ರಕ್ಕೆ ಒಯ್ದು, ಅದನ್ನು ಒಪ್ಪಿಸಿ, ಬೇಕಾದ ಪಕ್ಷದ್ದನ್ನು ಕೇಳಿ. ಪಕ್ಷ ಬದಲಿಸುವುದೂ, ಹೊಸ ನೋಂದಣಿಯೂ ಚುನಾವಣೆಯ ದಿನದವರೆಗೂ ಅಲ್ಲೇ ಆಗುತ್ತದೆ. ಆದರೆ ತುಂಬಿದ ಬ್ಯಾಲೆಟ್ ಒಮ್ಮೆ ಕಳಿಸಿದರೆ ಮುಗಿಯಿತು, ವಾಪಸು ಪಡೆಯಲಾಗದು.

ಈ ಕಾರಣಕ್ಕೇ ಪ್ರೈಮರಿಯಲ್ಲಿ ಅವಸರ ಬೇಡ ಎಂದು ನಾನು ಎಲ್ಲರಿಗೂ ಹೇಳುವುದು. 2020ರ ಮಾರ್ಚ್ 3ರಂದು ಇಲ್ಲಿ ಮತದಾನ. ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಪೀಟ್ ಬುಟಜೆಜ್ ಮಾರ್ಚ್ 1ಕ್ಕೆ, ಏಮಿ ಕ್ಲೊಬುಚಾರ್ ಮಾರ್ಚ್ 2ಕ್ಕೆ ಕಣದಿಂದ ಸರಿದರು. ಬ್ಯಾಲೆಟ್ ಫೆಬ್ರವರಿಯಲ್ಲೇ ಮನೆಮನೆಗೆ ಬಂದಿತ್ತು, ಅವರಿಗೆ ಒತ್ತಿ ಆಗಲೇ ಅಂಚೆಗೆ ಹಾಕಿದವರು ಏನೂ ಮಾಡುವಂತಿರಲಿಲ್ಲ. ಅಂಥ ಮತವನ್ನು ಎಣಿಸುತ್ತಾರೆ ನಿಜ. ಆದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಕೊನೆಗೆ ಆರಿಸುವುದು ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು. ಡೆಮಾಕ್ರಟಿಕ್ ನಿಯಮದಲ್ಲಿ ರಾಜ್ಯಮಟ್ಟದ ಪ್ರತಿನಿಧಿಗಳಿಗೆ ಇಡೀ ರಾಜ್ಯದಲ್ಲಿ, ಕ್ಷೇತ್ರದ ಪ್ರತಿನಿಧಿಗಳಿಗೆ ಆ ಕಾಂಗ್ರೆಸ್ ಕ್ಷೇತ್ರದಲ್ಲಿ 15% ಮತ ಬರಬೇಕು. ಎರಡೂ ಕಡೆ ಮುಟ್ಟದವರಿಗೆ ಒಬ್ಬ ಪ್ರತಿನಿಧಿಯೂ ಇಲ್ಲ. ರಿಪಬ್ಲಿಕನ್ ಲೆಕ್ಕವೇ ಬೇರೆ: 2024ರಲ್ಲಿ ರಾಜ್ಯದಲ್ಲಿ 50% ದಾಟಿದವರಿಗೆ ಎಲ್ಲ 169 ಪ್ರತಿನಿಧಿಗಳೂ. ಕೊನೆಯ ವಾರದವರೆಗೆ ಕಾದು, ಅಂಚೆಗೆ ಹಾಕದೆ ಕೌಂಟಿಯ ಡ್ರಾಪ್ ಬಾಕ್ಸಿಗೆ ಹಾಕುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ.

ಇನ್ನು ಸಹಿ. ಕವರಿನ ಮೇಲಿನ ಸಹಿಯನ್ನು ಕೌಂಟಿಯವರು ತಮ್ಮ ಕಡತದಲ್ಲಿರುವ ಸಹಿಯೊಂದಿಗೆ ತಾಳೆ ನೋಡುತ್ತಾರೆ. ಆ ಕಡತದ ಸಹಿ ಬಹಳ ಸಲ ಡ್ರೈವಿಂಗ್ ಲೈಸೆನ್ಸಿಗೆ ಹಾಕಿದ್ದು. ಅಲ್ಲಿ ಪ್ಯಾಡಿನ ಮೇಲೆ ಇಂಗ್ಲಿಷಿನಲ್ಲಿ ಗೀಚಿ, ಇಲ್ಲಿ ಬ್ಯಾಂಕಿನ ಅಭ್ಯಾಸದಂತೆ ಕನ್ನಡದಲ್ಲಿ ಹಾಕಿದರೆ ಎರಡೂ ಹೊಂದುವುದಿಲ್ಲ. ನಾವು ಮಾಡುವುದು ಇಷ್ಟು: ಕವರಿಗೆ ಪೆನ್ನು ತಾಗಿಸುವ ಮುಂಚೆ ಲೈಸೆನ್ಸನ್ನು ಪಕ್ಕದಲ್ಲಿಟ್ಟುಕೊಂಡು, ಅದೇ ಲಿಪಿ, ಅದೇ ಇನಿಷಿಯಲ್ಲು, ಅದೇ ಓಟದಲ್ಲಿ ಸಹಿ. ಒಂದೇ ಮನೆಯಲ್ಲಿ ನಾಲ್ಕು ಕವರ್ ಇದ್ದರೆ ಅಪ್ಪನದ್ದಕ್ಕೆ ಅಮ್ಮನ ಸಹಿ ಬೀಳುವುದು ತೀರಾ ಸಾಮಾನ್ಯ. ಒಬ್ಬೊಬ್ಬರದ್ದೇ ಪೂರ್ತಿ ಮುಗಿಸಿ, ಅಂಟಿಸಿದ ಮೇಲೆ ಮುಂದಿನದ್ದು ತೆಗೆಯಿರಿ. ಸಹಿ ಹೊಂದದಿದ್ದರೆ ಕೌಂಟಿಯಿಂದ ಪತ್ರ ಬರುತ್ತದೆ. ಅದರಲ್ಲಿರುವ ಫಾರಂಗೆ ಸಹಿ ಹಾಕಿ ಗಡುವಿನೊಳಗೆ ತಲುಪಿಸಿದರೆ ಮತ ಉಳಿಯುತ್ತದೆ, ಪತ್ರ ಒಡೆಯದೆ ಇಟ್ಟರೆ ಹೋಯಿತು.

ಇಂಗ್ಲಿಷ್ ಓದಲು ಬಾರದ ಹಿರಿಯರು ಮತ ಕೇಂದ್ರದೊಳಗೆ ಇಬ್ಬರವರೆಗೆ ನೆರವಿಗೆ ಕರೆದೊಯ್ಯಬಹುದು. ಮಗನೋ ಸೊಸೆಯೋ ಆದೀತು. ಕೆಲಸ ಕೊಟ್ಟ ಮಾಲೀಕ, ಯೂನಿಯನ್ ಪ್ರತಿನಿಧಿ ಆಗದು. ಕೇಂದ್ರದಿಂದ 100 ಅಡಿಯೊಳಗೆ ಅಭ್ಯರ್ಥಿಯ ಹೆಸರಿರುವ ಟೀ ಶರ್ಟು, ಟೋಪಿ, ಬ್ಯಾಡ್ಜು ಬೇಡ. ಗ್ರೀನ್ ಕಾರ್ಡ್ ಇರುವವರು ಲೈಸೆನ್ಸ್ ಫಾರಂನಲ್ಲಿ ಪೌರತ್ವದ ಪ್ರಶ್ನೆಗೆ ಕೈತಪ್ಪಿಯೂ ಹೌದು ಎನ್ನಬಾರದು, ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು.

ಮತದಾನ ರಾತ್ರಿ 8ಕ್ಕೆ ಮುಗಿಯುತ್ತದೆ, ಆ ಹೊತ್ತಿಗೆ ಸಾಲಿನಲ್ಲಿ ನಿಂತಿರುವವರೆಲ್ಲರಿಗೂ ಮತ ಹಾಕುವ ಹಕ್ಕಿದೆ. ಕಳಿಸಿದ ಬ್ಯಾಲೆಟ್ ಎಲ್ಲಿಗೆ ಬಂತೆಂದು ತಿಳಿಸುವ ‘ವೇರ್ಸ್ ಮೈ ಬ್ಯಾಲೆಟ್’ ಸೇವೆಗೆ ಮೊದಲೇ ಮೊಬೈಲ್ ನಂಬರ್ ಕೊಟ್ಟಿಡಿ. ಸ್ವೀಕರಿಸಲಾಗಿದೆ ಎಂಬ ಸಂದೇಶ ಬರುವ ತನಕ ಅಂಚೆ ಡಬ್ಬಿ ದಿನವೂ ನೋಡುತ್ತಿರಿ.