ಮುಖ ತೋರಿಸದೆ ಹಣ ಕೇಳಿದ 45 ದಿನಗಳು

ಮೈಸೂರಿನಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ವ್ಯಾಸಂಗದ ಎರಡನೇ ವರ್ಷದಲ್ಲಿ ನಾವು ನಾಲ್ವರು ಸಹಪಾಠಿಗಳು ಸೇರಿ 22 ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಿದೆವು. ಜಾಲತಾಣದಲ್ಲಿ ಹಾಕಿದ ಒಂದೇ ಒಂದು ವಿಡಿಯೋದ ಕಾರಣಕ್ಕೆ ತಿಂಗಳುಗಟ್ಟಲೆ ಬೈಗುಳ, ಬೆದರಿಕೆ ಮತ್ತು ತಿರುಚಿದ ಚಿತ್ರಗಳನ್ನು ಎದುರಿಸಿದ ಮಹಿಳೆಯೊಬ್ಬರ ಕುರಿತ ಚಿತ್ರ ಅದು. ಅವರ ಊರು, ಉದ್ಯೋಗ, ಆ ವಿಡಿಯೋದ ವಿಷಯ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ನಾವು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಅಷ್ಟೇ ಸಾಕು.

ಸಾರ್ವಜನಿಕರಿಂದ ಹಣ ಕೂಡಿಸಿ ಚಿತ್ರ ಮಾಡುವುದು ನಮಗೆ ಹೊಸ ಕಲ್ಪನೆಯಾಗಿರಲಿಲ್ಲ. 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಶ್ಯಾಮ್ ಬೆನಗಲ್ ಅವರ 'ಮಂಥನ್' ಚಿತ್ರಕ್ಕೆ ನಿರ್ಮಾಪಕರಾದದ್ದನ್ನು ತರಗತಿಯಲ್ಲಿ ಕೇಳಿದ್ದೆವು. 2013ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ 'ಲೂಸಿಯಾ' ಪ್ರೇಕ್ಷಕರ ಹಣದಿಂದಲೇ ಆದದ್ದೆಂಬುದು ಕನ್ನಡದಲ್ಲಿ ಎಲ್ಲರಿಗೂ ತಿಳಿದ ವಿಷಯ. ಆದರೆ ಹಣ ಕೊಡುವವರು ಮೊದಲು ಒಂದು ಮುಖವನ್ನು ನೋಡಲು ಬಯಸುತ್ತಾರೆ. ಕೋರಿಕೆಯ ವಿಡಿಯೋದಲ್ಲಿ ಕಥಾನಾಯಕಿ ಎರಡು ಮಾತು ಆಡಿದರೆ ಅರ್ಧ ಕೆಲಸ ಮುಗಿದಂತೆ ಎಂದು ಸಲಹೆ ಕೊಡದವರೇ ಇರಲಿಲ್ಲ. ನಮ್ಮ ಕಥಾನಾಯಕಿಗೆ ಬೇಕಿದ್ದದ್ದು ಮಾತ್ರ ಯಾರ ಕಣ್ಣಿಗೂ ಬೀಳದಿರುವುದು. ಈ ಇಕ್ಕಟ್ಟು ಹಣ ಸಂಗ್ರಹದ ಮೊದಲ ದಿನದಿಂದ ಕೊನೆಯ ದಿನದವರೆಗೆ ನಮ್ಮ ಬೆನ್ನು ಬಿಡಲಿಲ್ಲ.

ಮೊದಲು ಬರೆದ ಆಯವ್ಯಯದಲ್ಲಿ ಕ್ಯಾಮೆರಾ ಬಾಡಿಗೆ, ಧ್ವನಿಗ್ರಹಣ, ಪ್ರಯಾಣ, ಊಟ, ಸಂಕಲನ ಇಷ್ಟೇ ಇತ್ತು. ಅಕ್ಕನ ಜೊತೆ ಎರಡು ಸಲ ಕುಳಿತ ಮೇಲೆ ಅದನ್ನು ಹರಿದು ಹಾಕಿ ಹೊಸದಾಗಿ ಬರೆದೆವು. ನಡೆದದ್ದನ್ನೆಲ್ಲ ಕ್ಯಾಮೆರಾ ಮುಂದೆ ಮತ್ತೊಮ್ಮೆ ಹೇಳುವುದು ಅವರ ಪಾಲಿಗೆ ಹಳೆಯ ಗಾಯವನ್ನು ಕೆದಕಿದಂತೆಯೇ ಆಗುತ್ತಿದ್ದುದರಿಂದ ಆಪ್ತಸಮಾಲೋಚಕರ ಭೇಟಿಗಳಿಗೆ 12,000 ರೂಪಾಯಿ, ಚಿತ್ರಕಥೆಯನ್ನೂ ಒಪ್ಪಿಗೆ ಪತ್ರವನ್ನೂ ವಕೀಲರಿಗೆ ತೋರಿಸಲು 10,000, ಅವರ ಮಾತುಗಳನ್ನು ಬೇರೆಯವರ ಧ್ವನಿಯಲ್ಲಿ ಮುದ್ರಿಸಲು 10,000 ಸೇರಿಸಿದೆವು. ಧ್ವನಿಯ ಸ್ಥಾಯಿಯನ್ನು ಬದಲಿಸಿದರೆ ಸಾಲದೇ ಎಂದು ಕೆಲವರು ಕೇಳಿದರು. ಹಾಗೆ ಬದಲಿಸಿದ ಧ್ವನಿಯನ್ನು ಸಾಮಾನ್ಯ ತಂತ್ರಾಂಶದಿಂದಲೇ ಬಹುಮಟ್ಟಿಗೆ ಹಿಂದಿನ ರೂಪಕ್ಕೆ ತರಬಹುದು, ಮೇಲಾಗಿ ಮಾತಿನ ಲಯ ಮತ್ತು ಆಡುನುಡಿಯ ಛಾಯೆ ಹಾಗೆಯೇ ಉಳಿದಿರುತ್ತದೆ. ಕೊನೆಗೆ ನಿಂತ ಮೊತ್ತ 2,10,000 ರೂಪಾಯಿ. ಅದರಲ್ಲಿ ಹಣ ಸಂಗ್ರಹಿಸುವ ಆನ್‌ಲೈನ್ ವೇದಿಕೆಯ ಶುಲ್ಕ ಮತ್ತು ಅನಿರೀಕ್ಷಿತ ವೆಚ್ಚ ಎರಡಕ್ಕೂ ಸೇರಿಸಿ ಇಟ್ಟದ್ದು ಕೇವಲ 23,000. ಇದು ತಪ್ಪು ಲೆಕ್ಕ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಇಂಥ ವೇದಿಕೆಗಳಲ್ಲಿ, ಗುರಿ ಮುಟ್ಟದಿದ್ದರೆ ಕೊಟ್ಟವರಿಗೆ ಪೂರ್ತಿ ಹಣವನ್ನು ಹಿಂದಿರುಗಿಸುವ ಪದ್ಧತಿಯೊಂದಿದೆ, ಬಂದಷ್ಟನ್ನು ಕೇಳಿದವರಿಗೆ ಕೊಡುವ ಪದ್ಧತಿಯೊಂದಿದೆ. ಅಕ್ಕನಿಗೆ ಮಾತು ಕೊಟ್ಟಾಗಿದ್ದರಿಂದ ನಾವು ಎರಡನೆಯದನ್ನು ಆರಿಸಿಕೊಂಡೆವು. ಕೋರಿಕೆಯ ವಿಡಿಯೋದಲ್ಲಿ ಮೇಜಿನ ಮೇಲಿಟ್ಟ ಫೋನೊಂದು ಮತ್ತೆ ಮತ್ತೆ ನಡುಗುವುದನ್ನು ಮಾತ್ರ ತೋರಿಸಿ, ನಮ್ಮ ನಾಲ್ವರ ಮುಖಗಳನ್ನೇ ಮುಂದಿಟ್ಟೆವು. ಅಕ್ಕನ ಕೈಗಳನ್ನು ತೋರಿಸುವ ಆಲೋಚನೆಯಿತ್ತು. ಬಳೆ ಉಂಗುರಗಳನ್ನು ನೋಡಿಯೇ ಗುರುತು ಹಿಡಿಯುವವರಿದ್ದಾರೆ ಎಂದು ಅವರೇ ಹೇಳಿದ್ದರಿಂದ ಕೈಬಿಟ್ಟೆವು.

ಮೊದಲ ವಾರ ಹಣ ಬಂದದ್ದು ಮನೆಯವರು, ಹಳೆಯ ಶಿಕ್ಷಕರು ಮತ್ತು ಗೆಳೆಯರಿಂದ ಮಾತ್ರ. ಎರಡನೇ ವಾರ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಕ್ಕನಿಗೆ ಬಂದಿದ್ದ ಒಂದು ಬೈಗುಳವನ್ನು ಹೆಸರು ಅಳಿಸಿ ಹಾಗೆಯೇ ನಮ್ಮ ಪ್ರಚಾರದಲ್ಲಿ ಹಾಕಿದೆ. ಆ ಒಂದು ದಿನ ಬಂದ ಹಣ ಹಿಂದಿನ ಇಡೀ ವಾರದಲ್ಲಿ ಬಂದದ್ದಕ್ಕಿಂತ ಹೆಚ್ಚಾಗಿತ್ತು. ಸಂಜೆ ಅಕ್ಕ ಫೋನ್ ಮಾಡಿ, "ಆ ಸಾಲನ್ನ ಹಾಗೇ ಹಾಕಿ ಹುಡುಕಿದ್ರೆ ನಾನೇ ಸಿಗ್ತೀನಿ ಕಣ್ರೋ, ನೋಡಿದ್ರಾ?" ಎಂದರು. ನೋಡಿರಲಿಲ್ಲ. ನೋಡಿದಾಗ ಎರಡನೆಯ ಫಲಿತಾಂಶದಲ್ಲೇ ಮೂಲ ಪೋಸ್ಟು, ಅದರ ಕೆಳಗೆ ಅವರ ಹೆಸರು ಇದ್ದವು. ಒಡನೆ ತೆಗೆದೆವು. ಅಂದಿನಿಂದ ಪ್ರಚಾರದಲ್ಲಾಗಲಿ ಚಿತ್ರದಲ್ಲಾಗಲಿ ಯಾವ ಬೈಗುಳವನ್ನೂ ಇದ್ದಂತೆಯೇ ಬಳಸದೆ, ಅದರ ಅರ್ಥವನ್ನು ನಮ್ಮ ಮಾತುಗಳಲ್ಲಿ ಬರೆದು ಓದಿಸಿದೆವು.

ಜನರ ಸಿಟ್ಟು ಹಣವನ್ನು ತರುತ್ತದೆ ಎಂಬುದು ಸುಳ್ಳಲ್ಲ. 2012ರಲ್ಲಿ ಅನಿತಾ ಸರ್ಕೀಸಿಯನ್ ಅವರು ವಿಡಿಯೋ ಗೇಮ್‌ಗಳಲ್ಲಿನ ಮಹಿಳೆಯರ ಚಿತ್ರಣ ಕುರಿತ ಸರಣಿಗಾಗಿ ಕಿಕ್‌ಸ್ಟಾರ್ಟರ್ ಎಂಬ ಹಣ ಸಂಗ್ರಹದ ಜಾಲತಾಣದಲ್ಲಿ 6,000 ಡಾಲರ್ ಕೇಳಿದಾಗ ಅವರ ಮೇಲೆ ದ್ವೇಷದ ದಾಳಿಯೇ ನಡೆಯಿತು. ಅದರ ಸುದ್ದಿ ಹರಡಿದ ಮೇಲೆ 1,58,000 ಡಾಲರಿಗೂ ಮಿಕ್ಕಿ ಹಣ ಬಂತು. ಅವರು ತಮ್ಮದೇ ಕೆಲಸಕ್ಕೆ ತಮ್ಮದೇ ಹೆಸರಿನಲ್ಲಿ ಕೇಳಿದ್ದರು, ದಾಳಿಯ ಬಗ್ಗೆ ಏನು ಹೇಳಬೇಕೆಂಬುದನ್ನು ಅವರೇ ನಿರ್ಧರಿಸಿದ್ದರು. ನಾವು ಇನ್ನೊಬ್ಬರ ಹೆಸರಿನಲ್ಲಿ ಕೇಳುತ್ತಿದ್ದವರು. ಆ ಸಿಟ್ಟನ್ನು ಎಬ್ಬಿಸುವ ಹಕ್ಕು ನಮಗಿರಲಿಲ್ಲ.

ಕಿರುಕುಳ ನಮ್ಮನ್ನೂ ಹುಡುಕಿಕೊಂಡು ಬಂತು. ಶುಲ್ಕ ಉಳಿಸುವ ಆಸೆಯಿಂದ ನಮ್ಮ ಗೆಳತಿಯೊಬ್ಬಳ ಯುಪಿಐ ಐಡಿಯನ್ನೂ ಭಿತ್ತಿಪತ್ರದಲ್ಲಿ ಹಾಕಿದ್ದೆವು. ಆ ಐಡಿಯಲ್ಲಿ ಅವಳ ಮೊಬೈಲ್ ಸಂಖ್ಯೆ ಎದ್ದು ಕಾಣುತ್ತಿತ್ತು. ಒಂದು ರಾತ್ರಿ ಒಂದೊಂದು ರೂಪಾಯಿಯಂತೆ 74 ಸಲ ಹಣ ಬಂತು, ಪ್ರತಿಯೊಂದರ ಜೊತೆ ಟಿಪ್ಪಣಿಯ ಜಾಗದಲ್ಲಿ ಒಂದು ಹೊಲಸು ಮಾತು. ಬೈಯಲೆಂದು ತಮ್ಮ ಸ್ವಂತ ಬ್ಯಾಂಕ್ ಖಾತೆಯಿಂದಲೇ ಹಣ ಕಳಿಸಿ ಹೆಸರನ್ನೂ ದಾಖಲೆಗೆ ಬಿಟ್ಟುಹೋದ ಈ ಮಹನೀಯರ ಬುದ್ಧಿಗೆ ಏನು ಹೇಳುವುದೋ ತಿಳಿಯದು. ಬ್ಯಾಂಕ್ ವಿವರಪಟ್ಟಿ ಮತ್ತು ದಿನಾಂಕ ಸಮಯ ಕಾಣುವ ಸ್ಕ್ರೀನ್‌ಶಾಟ್‌ಗಳೊಂದಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಯಲ್ಲಿಯೂ ದೂರು ಕೊಟ್ಟೆವು. ಗೆಳತಿ ತನ್ನ ಸಂಖ್ಯೆಯನ್ನೇ ಬದಲಿಸಬೇಕಾಯಿತು. ಆ 74 ರೂಪಾಯಿಯನ್ನು ಲೆಕ್ಕದ ಪುಸ್ತಕದಲ್ಲಿ 'ಇತರೆ ಜಮೆ' ಎಂದು ಬರೆದಿದ್ದೇವೆ.

ಕೊಡುಗೆದಾರರಿಗೆ ಪ್ರತಿಯಾಗಿ ಏನು ಕೊಡುವುದು ಎಂಬುದೂ ಸುಲಭದ ಪ್ರಶ್ನೆಯಾಗಿರಲಿಲ್ಲ. 5,000 ಕೊಟ್ಟವರಿಗೆ ಅಕ್ಕನೊಂದಿಗೆ ಸಂವಾದ ಎಂದು ನಮ್ಮಲ್ಲೊಬ್ಬ ಬರೆದಿದ್ದ. ಅವರು ಅದನ್ನು ಓದಿ ಏನೂ ಹೇಳದೆ ಪೆನ್ನಿನಿಂದ ಅಡ್ಡಗೆರೆ ಎಳೆದರು. ಚಿತ್ರದ ಕೊನೆಯಲ್ಲಿ ಹೆಸರು ಹಾಕುವುದು ಎಂದುಕೊಂಡರೆ, ಆ ಪಟ್ಟಿಯೇ ಮುಂದಿನ ದಾಳಿಗೆ ವಿಳಾಸವಾಗಬಹುದು ಎಂಬ ಭಯ. ಆದ್ದರಿಂದ ಹೆಸರು ಬೇಕೋ, ಹೆಸರಿನ ಮೊದಲ ಅಕ್ಷರ ಸಾಕೋ, ಏನೂ ಬೇಡವೋ ಎಂದು ಪ್ರತಿಯೊಬ್ಬರನ್ನೂ ಕೇಳಿದೆವು.

ಕಾನೂನಿನ ಎರಡು ವಿಷಯಗಳು ನಮಗೆ ಮೊದಲೇ ತಿಳಿದಿರಬೇಕಿತ್ತು. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರೊಬ್ಬರು 200 ಡಾಲರ್ ಕೊಡಲು ಮುಂದೆ ಬಂದರು. ಅವರು ಅಮೆರಿಕದ ಪೌರತ್ವ ಪಡೆದು, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಹೊಂದಿದವರು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಕಣ್ಣಿನಲ್ಲಿ ಅಂಥವರ ಹಣ ವಿದೇಶಿ ಮೂಲದ್ದು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ಹಾಗಲ್ಲ. ವಕೀಲರ ಮಾತಿನಂತೆ ನ್ಯೂಜೆರ್ಸಿಯವರ ಹಣವನ್ನು ಕೈಮುಗಿದು ಬೇಡವೆಂದೆವು. ಇನ್ನೊಂದು ಆದಾಯ ತೆರಿಗೆಯದು. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಉಡುಗೊರೆ ವ್ಯಕ್ತಿಯೊಬ್ಬರ ಖಾತೆಗೆ ಬಂದರೆ ಹೆಚ್ಚುವರಿಯಷ್ಟೇ ಅಲ್ಲದೆ ಇಡೀ ಮೊತ್ತ ಆದಾಯವಾಗಿ ಲೆಕ್ಕಕ್ಕೆ ಬರುತ್ತದೆ. ಖಾತೆ ನನ್ನದಾಗಿತ್ತು, ಬೇರೆ ಆದಾಯ ನನಗಿರಲಿಲ್ಲವಾದ್ದರಿಂದ ತೆರಿಗೆ ಬೀಳಲಿಲ್ಲ; ಲೆಕ್ಕಪರಿಶೋಧಕರ ಸಲಹೆಯಂತೆ ರಿಟರ್ನ್ ಸಲ್ಲಿಸಿದೆ. ಸಂಬಳ ಬರುವವರ ಖಾತೆಯಾಗಿದ್ದರೆ ಕಥೆ ಬೇರೆಯಾಗುತ್ತಿತ್ತು.

45 ದಿನಗಳ ಕೊನೆಗೆ 163 ಜನರಿಂದ ಕೂಡಿದ್ದು 1,94,000 ರೂಪಾಯಿ. ವೇದಿಕೆಯ ಶುಲ್ಕ 8 ಪ್ರತಿಶತ, ಪಾವತಿ ವ್ಯವಸ್ಥೆಯದು 2 ಪ್ರತಿಶತ, ಎರಡರ ಮೇಲೂ 18 ಪ್ರತಿಶತ ಜಿಎಸ್‌ಟಿ ಕಳೆದ ಮೇಲೆ ಕೈಗೆ ಬಂದದ್ದು ಸುಮಾರು 1,71,000. ನಾವು ಇಟ್ಟಿದ್ದ 23,000 ಶುಲ್ಕಕ್ಕೇ ಸರಿಹೋಯಿತು, ಅನಿರೀಕ್ಷಿತ ವೆಚ್ಚಕ್ಕೆ ಕಾಸೂ ಉಳಿಯಲಿಲ್ಲ. ಕೊರತೆ ಬಿದ್ದ 16,000 ರೂಪಾಯಿಗಾಗಿ 8 ದಿನದ ಚಿತ್ರೀಕರಣವನ್ನು 6 ದಿನಕ್ಕೆ ಇಳಿಸಿದೆವು. ಆಪ್ತಸಮಾಲೋಚಕರ ಹಣವನ್ನು ಕಡಿತ ಮಾಡುವ ಮಾತು ಒಮ್ಮೆ ಬಂದಿತ್ತು, ಅದನ್ನು ಮುಂದುವರಿಸಲಿಲ್ಲ.

ಅಂತಿಮ ಸಂಕಲನಕ್ಕೆ ಮುಂಚೆ ಯಾವ ಭಾಗವನ್ನಾದರೂ ಕಾರಣ ಕೊಡದೆ ತೆಗೆಸುವ ಹಕ್ಕು ಅಕ್ಕನಿಗಿದೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆದಿದ್ದೆವು. ಅವರು ಆ ಹಕ್ಕನ್ನು ಬಳಸಿ ಎರಡು ನಿಮಿಷದ ಒಂದು ಭಾಗವನ್ನು ತೆಗೆಸಿದರು. ಛಾಯಾಗ್ರಹಣದ ದೃಷ್ಟಿಯಿಂದ ಇಡೀ ಚಿತ್ರದಲ್ಲಿ ಅದೇ ಚೆಲುವಾದ ಭಾಗವಾಗಿತ್ತು. ಅಂತರ್ಜಾಲದಲ್ಲಿ ಚಿತ್ರ ಹಾಕುವುದಿಲ್ಲ, ಮುಚ್ಚಿದ ಸಭಾಂಗಣದಲ್ಲಿ ಮಾತ್ರ ತೋರಿಸುತ್ತೇವೆ ಎಂದು ಮೊದಲೇ ತಿಳಿಸಿದ್ದರೂ ಮೂವರು ಕೊಡುಗೆದಾರರು ಲಿಂಕ್ ಸಿಗದಿದ್ದಕ್ಕೆ ಸಿಟ್ಟಾದರು. ಅವರ ಹಣವನ್ನು ನಮ್ಮ ಜೇಬಿನಿಂದ ಹಿಂದಿರುಗಿಸಿದೆವು.

ಮೊದಲ ಪ್ರದರ್ಶನಕ್ಕೆ ಅಕ್ಕ ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದರು, ಪಕ್ಕದವರಿಗೂ ಗೊತ್ತಾಗಲಿಲ್ಲ. ಮರುದಿನ ಅವರ ನಿಜವಾದ ಧ್ವನಿಯಿದ್ದ ಮೂರು ಹಾರ್ಡ್‌ಡಿಸ್ಕ್‌ಗಳಲ್ಲಿ ಎರಡನ್ನು ಅವರೆದುರೇ ಅಳಿಸಿದೆವು. ಮೂರನೆಯದನ್ನು ಅವರು ಕೇಳಿ ತೆಗೆದುಕೊಂಡು, ಕೈಚೀಲದಲ್ಲಿ ಹಾಕಿಕೊಂಡು, ಊರಿನ ಬಸ್ಸು ಹತ್ತಿದರು.