ಜೀವನಾಂಶ ಕೇಳುವುದು ಹೇಗೆ: ಅರ್ಜಿಗಿಂತ ಅಫಿಡವಿಟ್ ಮುಖ್ಯ

ಜೀವನಾಂಶ ಕೋರುವ ಅರ್ಜಿಯಲ್ಲಿ ದಾಂಪತ್ಯದ ಜಗಳ ಪುಟಗಟ್ಟಲೆ ಇದ್ದು, ತಿಂಗಳಿಗೆ ಎಷ್ಟು ಹಣ ಬೇಕು, ಗಂಡನ ಸಂಪಾದನೆ ಎಷ್ಟು ಎಂಬ ಮಾತು ಎರಡು ಸಾಲಿನಲ್ಲಿ ಮುಗಿದಿದ್ದರೆ ಉಪಯೋಗವಿಲ್ಲ. ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ತೀರ್ಪಿನಲ್ಲಿ, ಜೀವನಾಂಶದ ಎಲ್ಲ ಪ್ರಕರಣಗಳಲ್ಲೂ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ವಿವರವನ್ನು ಅಫಿಡವಿಟ್ಟಿನಲ್ಲಿ, ಅಂದರೆ ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆಯಲ್ಲಿ, ಸಲ್ಲಿಸಬೇಕೆಂದು ಕಡ್ಡಾಯ ಮಾಡಿದೆ.

ಜೀವನಾಂಶ ಕೇಳಲು ಬಳಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಹೆಂಡತಿ ಈಗ ತವರಿನಲ್ಲಿದ್ದರೆ ಆ ಊರಿನ ವ್ಯಾಪ್ತಿಯ ಕೌಟುಂಬಿಕ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಾಗಿಲ್ಲ. ವಕೀಲರ ಫೀಜಿಗೆ ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು (ಸಹಾಯವಾಣಿ 15100). ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲ. ಮುಸ್ಲಿಂ ವಿಚ್ಛೇದಿತೆಯರೂ ಇದೇ ಕಲಮಿನಡಿ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟಿನ 2024ರ ಜುಲೈ 10ರ ತೀರ್ಪು ಸ್ಪಷ್ಟಪಡಿಸಿದೆ.

ನಂತರದ ಕೆಲಸವೇ ಅಫಿಡವಿಟ್, ತಾಳ್ಮೆ ಬೇಕಾದದ್ದೂ ಇಲ್ಲಿಯೇ. ಮನೆ ಬಾಡಿಗೆ, ದಿನಸಿ, ಮಕ್ಕಳ ಶಾಲೆಯ ಶುಲ್ಕ, ಔಷಧಿ ಇವನ್ನು ಬೇರೆ ಬೇರೆಯಾಗಿ ಬರೆದು, ಬ್ಯಾಂಕಿನ ಪಾಸ್‌ಬುಕ್, ಶಾಲೆಯ ರಸೀದಿ, ಬಾಡಿಗೆ ಕರಾರುಗಳ ನಕಲು ಲಗತ್ತಿಸಬೇಕು. ಹೊಲಿಗೆಯಿಂದಲೋ ಟ್ಯೂಷನ್ನಿನಿಂದಲೋ ತನಗೆ ಬರುವ ಸಣ್ಣ ಆದಾಯವನ್ನು ಮುಚ್ಚಿಡಬಾರದು. ಅದು ಎದುರು ವಕೀಲರ ಪಾಟೀಸವಾಲಿನಲ್ಲಿ ಹೊರಬಂದರೆ ಉಳಿದ ಸತ್ಯವೂ ಸುಳ್ಳಿನಂತೆ ಕಾಣುತ್ತದೆ, ಸುಳ್ಳು ಪ್ರಮಾಣಕ್ಕೆ ಕ್ರಮವೂ ಆಗಬಹುದು. ಕೃಷಿಕ ಕುಟುಂಬಗಳಿಗೆ ಬೇರೆಯದೇ ನಮೂನೆಯಿದ್ದು, ಜಮೀನಿನ ವಿಸ್ತೀರ್ಣ, ಬೆಳೆ, ದನ ಕುರಿಗಳ ಸಂಖ್ಯೆಯವರೆಗೆ ಕೇಳಲಾಗುತ್ತದೆ. ಗಂಡನ ಹೆಸರಿನ ಪಹಣಿಯನ್ನು ಮೊದಲೇ ತೆಗೆಸಿಟ್ಟರೆ, "ನನಗೆ ಆದಾಯವೇ ಇಲ್ಲ" ಎಂಬ ಉತ್ತರ ಹೆಚ್ಚು ಹೊತ್ತು ನಿಲ್ಲದು. ಗಂಡನ ಸಂಬಳ ಎಷ್ಟೆಂದು ಖಚಿತವಾಗಿ ತಿಳಿಯದಿದ್ದರೆ ಊಹೆಯನ್ನು ಊಹೆಯೆಂದೇ ಬರೆಯಿರಿ. ತನ್ನ ಲೆಕ್ಕವನ್ನು ಆತನೂ ಪ್ರಮಾಣ ಮಾಡಿ ಕೊಡಲೇಬೇಕು. ಅದಕ್ಕೆ ನಾಲ್ಕು ವಾರಗಳ ಗಡುವಿದೆ. ಬೇಕೆಂದೇ ವಾಯಿದೆ ಮೇಲೆ ವಾಯಿದೆ ಕೇಳುವವರ ಪ್ರತಿವಾದವನ್ನೇ ನ್ಯಾಯಾಲಯ ತೆಗೆದುಹಾಕಬಹುದು.

ಕೌಟುಂಬಿಕ ಹಿಂಸೆ ಪ್ರಕರಣದಲ್ಲಿ ಈಗಾಗಲೇ ಹಣ ಮಂಜೂರಾಗಿದ್ದರೆ ಅದನ್ನೂ ತಿಳಿಸಬೇಕು. ಎರಡನೆಯ ಆದೇಶದಲ್ಲಿ ಆ ಮೊತ್ತವನ್ನು ಹೊಂದಿಸಿಕೊಳ್ಳಲಾಗುತ್ತದೆ. ಮೂಲ ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶದ (ಅಂತಿಮ ಆದೇಶದವರೆಗೆ ಸಿಗುವ ಹಣದ) ಅರ್ಜಿಯನ್ನೂ ಹಾಕುವುದು ಜಾಣತನ. ರಾಜಿಯ ಮಾತುಕತೆ ನಡೆಯುತ್ತಿದೆಯೆಂದು ವರ್ಷಗಟ್ಟಲೆ ಕಾಯುವವರಿಗೆ ನಷ್ಟ ಇಲ್ಲೇ ಆಗುತ್ತದೆ, ಏಕೆಂದರೆ ಅದೇ 2020ರ ತೀರ್ಪಿನಂತೆ ಹಣ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ, ಬೇರೆಯಾದ ದಿನದಿಂದಲ್ಲ.

"ಮನೆಗೆ ಬಾ ಎಂದು ಕೋರ್ಟೇ ಹೇಳಿದೆ, ಇವಳು ಬಂದಿಲ್ಲ" ಎಂಬುದು ಗಂಡಂದಿರ ಹಳೆಯ ವಾದ. ಮರಳಿ ಬಾಳುವಂತೆ ಡಿಕ್ರಿಯಾಗಿದ್ದರೂ, ಹೋಗದಿರಲು ಸಕಾರಣವಿದ್ದರೆ ಜೀವನಾಂಶ ತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ಆದೇಶವಾದ ಮೇಲೂ ಹಣ ಬಾರದಿದ್ದರೆ, ಯಾವ ತಿಂಗಳ ಬಾಕಿ ಎಷ್ಟೆಂದು ಪಟ್ಟಿ ಮಾಡಿ ವಸೂಲಿಗೆ ಅರ್ಜಿ ಕೊಡಬೇಕು. 144ನೇ ಕಲಮಿನಡಿ ವಸೂಲಿ ವಾರಂಟ್ ಬೇಕೆಂದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹೋಗಿರಬೇಕು. ಕೊಡದವರನ್ನು ಜೈಲಿಗೆ ಕಳುಹಿಸಬಹುದು. ಜೈಲಿನಲ್ಲಿದ್ದು ಬಂದ ಮಾತ್ರಕ್ಕೆ ಬಾಕಿ ಚುಕ್ತಾ ಆಗುವುದಿಲ್ಲ.