ಇಂಗ್ಲಿಷಿಗೆ ಸೈ, ಕನ್ನಡಕ್ಕೆ ಕೈಕೊಡುತ್ತಿದ್ದ ನಮ್ಮ ಪ್ಲಾಟರ್

"ಮದರ್‌ಬೋರ್ಡ್ ಹೋಗಿದೆ ಸಾರ್. ಬೋರ್ಡಿಗೆ ಒಂಬತ್ತು ಸಾವಿರ, ಹಾಕೋಕೆ ಒಂದೂವರೆ" ಅಂತ ಹೇಳಿ ಸರ್ವೀಸ್ ಹುಡುಗ ಬ್ಯಾಗ್ ಹೆಗಲಿಗೇರಿಸಿ ಹೊರಟ. ಅವತ್ತು ಸಂಜೆ ಅಂಗಡಿಗೆ ಬಂದ ಭಾವ, "ಗುಜರಿಗೆ ಹಾಕಿ ಹೊಸದು ತಗೊಳಯ್ಯ, ಯಾಕೆ ತಲೆ ಕೆಡಿಸ್ಕೋತೀಯ" ಅಂದರು. ಅವರು ಹೇಳಿದ್ದು ನಮ್ಮ ಪ್ಲಾಟರಿಗೆ, ಅಂದರೆ ಬೋರ್ಡು, ಸ್ಟಿಕರಿಗೆ ವಿನೈಲ್ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಮೆಷಿನ್ನಿಗೆ. ಅದೇ ಮೆಷಿನ್, ಅದೇ ಬೋರ್ಡ್ ಈಗಲೂ ಬೆಂಗಳೂರಿನ ಲಗ್ಗೆರೆಯ ನಮ್ಮ ಅಂಗಡಿಯಲ್ಲಿ ದಿನಕ್ಕೆ ಏಳೆಂಟು ಮೀಟರ್ ವಿನೈಲ್ ಕತ್ತರಿಸುತ್ತಿದೆ. ಭಾವ ಬಂದಾಗಲೆಲ್ಲ ನಾನು ಬೇಕಂತಲೇ ಒಂದು ದೊಡ್ಡ ಫೈಲ್ ಕೊಟ್ಟು ಪಕ್ಕದಲ್ಲಿ ಕೂತಿರುತ್ತೇನೆ.

ಮೆಷಿನ್ 28 ಇಂಚಿನ ಚೀನಾ ಮಾಲು, ಸೆಕೆಂಡ್ ಹ್ಯಾಂಡ್. 22 ಸಾವಿರಕ್ಕೋ 23ಕ್ಕೋ ತಗೊಂಡಿದ್ದೆ. ಯುಎಸ್‌ಬಿ ಪೋರ್ಟ್ ಇದೆ, ಆದರೆ ಮೊದಲಿನ ಯಜಮಾನರ ಕಾಲದಲ್ಲೇ ಒಳಗಡೆ ಕಿತ್ತುಬಂದಿದೆ. ಹಾಗಾಗಿ ಒಂಬತ್ತು ಪಿನ್ನಿನ ಹಳೇ ಸೀರಿಯಲ್ ಪೋರ್ಟೇ ಗತಿ. ಹಳೇ ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಿಕೊಂಡು ಐದಾರು ವರ್ಷ ಏನೂ ತಕರಾರಿಲ್ಲದೆ ನಡೆಸಿದೆ.

ಎಲ್ಲ ಕೆಟ್ಟದ್ದು 2024ರ ಜನವರಿ-ಫೆಬ್ರುವರಿಯಲ್ಲಿ. ನಮ್ಮ ಕಸುಬಿನವರಿಗೆ ಆ ಎರಡು ತಿಂಗಳು ಮರೆಯೋ ಹಾಗಿಲ್ಲ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ ಬಿಬಿಎಂಪಿ ಫೆಬ್ರುವರಿ 28ರ ಗಡುವು ಕೊಟ್ಟಿತ್ತು. ಅದುವರೆಗೆ ಬರೀ ಇಂಗ್ಲಿಷಿನಲ್ಲಿ ಬೋರ್ಡ್ ಹಾಕಿಕೊಂಡಿದ್ದವರೆಲ್ಲ ಒಟ್ಟಿಗೆ ಓಡಿಬಂದರು. ನಂಬರ್ ಪ್ಲೇಟಿನ ಕೆಲಸ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್) ಬಂದ ಮೇಲೆ ಕೈಬಿಟ್ಟು ಹೋಗಿತ್ತು. 2019ರ ಏಪ್ರಿಲ್‌ನಿಂದ ಹೊಸ ಗಾಡಿಗೆ, ಆಮೇಲೆ ಹಳೇ ಗಾಡಿಗೂ. ರೇಡಿಯಂ ಅಂಗಡಿಗಳು ನೊಣ ಹೊಡೆಯುತ್ತಿದ್ದ ಕಾಲದಲ್ಲಿ ಈ ಕನ್ನಡ ಬೋರ್ಡಿನ ಕೆಲಸ ಹಬ್ಬ ಬಂದ ಹಾಗೆ ಬಂತು. ಸರಿಯಾಗಿ ಅದೇ ಹೊತ್ತಿಗೆ ಹಳೇ ಕಂಪ್ಯೂಟರ್ ಸತ್ತಿತು. ಅದನ್ನು ಎಳೆದು ಪಕ್ಕಕ್ಕಿಡುವಾಗ ನೋಡಿದರೆ, ಗೋಡೆ ಪಕ್ಕದಲ್ಲಿದ್ದ ಸೀರಿಯಲ್ ಕೇಬಲನ್ನು ಇಲಿ ಕಡಿದುಹಾಕಿತ್ತು.

ಇನ್ನೊಂದು ಕಂಪ್ಯೂಟರ್ ತಂದೆ. ಅದರಲ್ಲಿ ಸೀರಿಯಲ್ ಪೋರ್ಟ್ ಇಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕನ್ವರ್ಟರ್ 180 ರೂಪಾಯಿಗೆ ತಂದೆ, ಒಂದು ರೆಡಿಮೇಡ್ ಸೀರಿಯಲ್ ಕೇಬಲೂ ತಂದೆ. ಕನ್ವರ್ಟರ್ ಹಾಕಿದರೆ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ, ಕೋಡ್ 10, ಅಂದರೆ ಶುರುವಾಗಲಿಲ್ಲ ಅಂತ. ಡುಪ್ಲಿಕೇಟ್ ಚಿಪ್. ಅದನ್ನು ಎಸೆದು 250ರದ್ದು, ಸಿಎಚ್340 ಚಿಪ್ ಇರುವುದನ್ನು ತಂದೆ. ಇದು ಬಂತು, ಆದರೆ ಪೋರ್ಟಿನ ನಂಬರ್ ಕಾಮ್ 14 ಅಂತ ಬಂದು ಕೂತಿತು. ನಮ್ಮ ಹಳೇ ಕಟಿಂಗ್ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಅಷ್ಟು ದೊಡ್ಡ ನಂಬರೇ ಇಲ್ಲ. ಪೋರ್ಟಿನ ಅಡ್ವಾನ್ಸ್‌ಡ್ ಸೆಟ್ಟಿಂಗಿಗೆ ಹೋಗಿ ಕಾಮ್ 3 ಮಾಡಿದೆ. ಬೇರೆ ಯುಎಸ್‌ಬಿ ಜಾಗಕ್ಕೆ ಹಾಕಿದರೆ ಮತ್ತೆ ನಂಬರ್ ಬದಲಾಗುತ್ತಿತ್ತು, ಹಾಗಾಗಿ ಸಿಕ್ಕಿಸಬೇಕಾದ ಜಾಗಕ್ಕೆ ಕೆಂಪು ವಿನೈಲಿನ ಚೂರು ಅಂಟಿಸಿದೆ. ಬಾಡ್ ರೇಟ್, ಅಂದರೆ ಡೇಟಾ ಹೋಗುವ ವೇಗ, ಮೆಷಿನ್ನಿನಲ್ಲಿ 38400, ಇಲ್ಲೂ ಅದೇ. ಇಷ್ಟು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಪಾಠ.

ಮೊದಲ ಕೆಲಸ ಒಂದು ಮೊಬೈಲ್ ಅಂಗಡಿಯ ಇಂಗ್ಲಿಷ್ ಸಾಲು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕತ್ತರಿಸಿತು. ಆಮೇಲೆ ಅದೇ ಅಂಗಡಿಯ ಕನ್ನಡ ಹೆಸರು ಕೊಟ್ಟೆ. ಮೂರು ಅಕ್ಷರ ಚೆನ್ನಾಗಿ ಬಂತು, ನಾಲ್ಕನೆಯದರ ಮಧ್ಯದಲ್ಲಿ ಬ್ಲೇಡ್ ಸರ್ರನೆ ಮೂಲೆಗೆ ಓಡಿ ಉದ್ದಕ್ಕೆ ಗೀರು ಎಳೆಯಿತು. ಮತ್ತೆ ಕೊಟ್ಟೆ, ಇನ್ನೆಲ್ಲೋ ಗೀರು. ಮೂರನೇ ಸಲ ಅರ್ಧಕ್ಕೆ ನಿಂತೇಹೋಯಿತು. ಹೀಗೇ ಒಂದು ವಾರದಲ್ಲಿ ಸುಮಾರು 20 ಮೀಟರ್ ವಿನೈಲ್ ಕಸಕ್ಕೆ ಹೋಯಿತು. ಮೀಟರಿಗೆ 75 ಅಂದರೂ ಲೆಕ್ಕ ಹಾಕಿಕೊಳ್ಳಿ. ಎರಡು ಆರ್ಡರ್ ಪಕ್ಕದ ರಸ್ತೆಯವನ ಪಾಲಾಯಿತು, ಅದರ ಹೊಟ್ಟೆ ಉರಿ ಬೇರೆ.

ಸರ್ವೀಸ್ ಹುಡುಗ ಎರಡು ಸಲ ಬಂದ, ಸಲಕ್ಕೆ 800. ಡ್ರೈವರ್ ಬದಲಾಯಿಸಿದ, ಬಾಡ್ ರೇಟ್ ಬದಲಾಯಿಸಿದ, ಫ್ಲೋ ಕಂಟ್ರೋಲ್ ಅನ್ನೋ ಸೆಟ್ಟಿಂಗನ್ನು ಹಾರ್ಡ್‌ವೇರ್ ಅಂತ ಇಟ್ಟೂ ನೋಡಿದ. ಹಾಗಿಟ್ಟರೆ ಮೆಷಿನ್ ಒಂದು ಮಿಲಿಮೀಟರೂ ಅಲುಗಲಿಲ್ಲ. "ನೋಡಿ, ಇದರಲ್ಲಿ ಪೂರ್ತಿ ಡೆಡ್, ಬೋರ್ಡೇ ಪ್ರಾಬ್ಲಂ" ಅಂತ ಆ ಸೆಟ್ಟಿಂಗನ್ನು ವಾಪಸ್ 'ನನ್' (ಯಾವುದೂ ಬೇಡ) ಮಾಡಿಟ್ಟು ಹೋದ. ಅವನು ಪರಿಹಾರದ ಬಾಗಿಲು ತಟ್ಟಿ ವಾಪಸ್ ಹೋಗಿದ್ದ, ಅದು ನನಗೆ ತಿಳಿದದ್ದು ಹದಿನೈದು ದಿನ ಆದ ಮೇಲೆ.

ಸುಳಿವು ಕೊಟ್ಟದ್ದು ನಮ್ಮ ಅಂಗಡಿಯ ಹುಡುಗ. ಸ್ಟಿಕರ್ ಬಿಡಿಸುತ್ತಾ ಕೂತವನು, "ಅಣ್ಣಾ, ಇಂಗ್ಲಿಷ್ ಒಂದ್ಸಲಾನೂ ಕೆಟ್ಟಿಲ್ಲ ನೋಡಿ, ಬರೀ ಕನ್ನಡಾನೇ ಕೆಡೋದು" ಅಂದ. ಮೊದಲು ನಕ್ಕೆ. ಮೆಷಿನ್ನಿಗೇನು ಭಾಷೆ ಗೊತ್ತಾ? ರಾತ್ರಿ ಎರಡೂ ಫೈಲನ್ನು ಪಿಎಲ್‌ಟಿ (ಪ್ಲಾಟರಿಗೆ ಹೋಗುವ ಫೈಲ್) ಮಾಡಿ ಸೈಜ್ ನೋಡಿದೆ. ಇಂಗ್ಲಿಷಿನದು 3 ಕೆಬಿಯ ಹತ್ತಿರ, ಕನ್ನಡದ್ದು 60 ದಾಟಿತ್ತು. ಇಂಗ್ಲಿಷಿನ ದಪ್ಪ ಅಕ್ಷರ ಹೆಚ್ಚಿನವು ಕೆಲವೇ ನೇರ ಗೆರೆಗೆ ಮುಗಿದುಹೋಗುತ್ತವೆ. ನಮ್ಮದು ತಲೆಕಟ್ಟು, ಸುಳಿ, ಒತ್ತು, ಎಲ್ಲಾ ದುಂಡಗೆ. ಆ ದುಂಡನ್ನೆಲ್ಲ ಸಾಫ್ಟ್‌ವೇರ್ ಸಣ್ಣ ಸಣ್ಣ ನೇರ ತುಂಡು ಮಾಡಿ, ಒಂದೊಂದಕ್ಕೂ ಒಂದು ಪಿಡಿ (ಪೆನ್ ಡೌನ್, ಬ್ಲೇಡ್ ಇಳಿಸಿ ಎಳಿ) ಕಮಾಂಡ್ ಬರೆಯುತ್ತೆ.

ಇನ್ನೊಂದು ವಿಷಯವೂ ಆಗಲೇ ಕಣ್ಣಿಗೆ ಬಿತ್ತು. ಕಂಪ್ಯೂಟರ್ ಪರದೆಯ ಪಟ್ಟಿ ಹದಿನೈದು-ಇಪ್ಪತ್ತು ಸೆಕೆಂಡಿಗೇ ತುಂಬಿ 'ಮುಗಿಯಿತು' ಅನ್ನುತ್ತಿತ್ತು. ಕತ್ತರಿಸೋಕೆ ನಾಲ್ಕು ನಿಮಿಷ ಬೇಕು! ಉಳಿದ ಡೇಟಾ ಎಲ್ಲಿ ಕೂತಿರುತ್ತೆ? ಮೆಷಿನ್ನಿನ ಬಫರಿನಲ್ಲಿ, ಅಂದರೆ ಡೇಟಾ ಕಾದು ಕೂರುವ ಸಣ್ಣ ಮೆಮೊರಿಯಲ್ಲಿ. ಅದು ತುಂಬಿದ ಮೇಲೆ ಬಂದದ್ದು ಚೆಲ್ಲಿಹೋಗುತ್ತೆ. 1250 ಅನ್ನೋದರಲ್ಲಿ ಎರಡು ಅಂಕಿ ಚೆಲ್ಲಿ 12 ಉಳಿದರೆ ಬ್ಲೇಡ್ ಮೂಲೆಗೆ ಓಡದೆ ಇನ್ನೇನು ಮಾಡುತ್ತೆ? ಪರೀಕ್ಷೆಗೆ ಎರಡೂ ಕಡೆ 9600ಕ್ಕೆ ಇಳಿಸಿದೆ. ಗೀರು ನಾಲ್ಕನೇ ಅಕ್ಷರದಿಂದ ಆರನೆಯದಕ್ಕೆ ಹೋಯಿತು. ನಿಧಾನಕ್ಕೆ ಸುರಿದರೆ ನಿಧಾನಕ್ಕೆ ತುಂಬುತ್ತೆ. ಆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ.

ಅಂದಮೇಲೆ "ಸ್ವಲ್ಪ ತಡಿ" ಅಂತ ಮೆಷಿನ್ ಹೇಳಿದ್ದು ಕಂಪ್ಯೂಟರಿಗೆ ಕೇಳಬೇಕು, ಅಷ್ಟೇ. ಅದೇ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್. ಆದರೆ ಅದನ್ನಿಟ್ಟರೆ ಮೆಷಿನ್ ಅಲುಗೋದೇ ಇಲ್ಲವಲ್ಲ! ಎರಡು ದಿನ ಇಲ್ಲೇ ಸಿಕ್ಕಿಬಿದ್ದೆ. ಮೂರನೇ ದಿನ ಹೊಸ ಕೇಬಲಿನ ಹುಡ್ (ತುದಿಯ ಮುಚ್ಚಳ) ಬಿಚ್ಚಿದೆ. ಒಳಗೆ ಮೂರೇ ತಂತಿ: ಪಿನ್ 2, 3, 5ಕ್ಕೆ. ಡಬ್ಬಿಯಲ್ಲಿ ಬಿದ್ದಿದ್ದ ಇಲಿ ಕಡಿದ ಹಳೇ ಕೇಬಲ್ ಬಿಚ್ಚಿದರೆ ಐದು ತಂತಿ. "ತಡಿ" ಅಂತ ಹೇಳುವ ತಂತಿಯೇ ಹೊಸದರಲ್ಲಿ ಇರಲಿಲ್ಲ. ಕಳಿಸು ಅನ್ನುವ ಸಿಗ್ನಲ್ ಬರಲಿ ಅಂತ ಕಂಪ್ಯೂಟರ್ ಜನ್ಮಪೂರ್ತಿ ಕಾಯುತ್ತಿತ್ತು, ನಾವು ಬೋರ್ಡ್ ಸತ್ತಿದೆ ಅಂತ ತಿಥಿ ಮಾಡೋಕೆ ಹೊರಟಿದ್ದೆವು.

ಮತ್ತೆ ಎಸ್‌ಪಿ ರೋಡ್. ಎರಡು ಕನೆಕ್ಟರ್, ಶೀಲ್ಡ್ ಇರುವ ಆರು ಕೋರ್ ವೈರ್ ಎರಡು ಮೀಟರ್, ಒಟ್ಟು 160 ಆಗಿರಬೇಕು. ನಾನೇ ಬೆಸುಗೆ ಹಾಕಿದೆ. ಇಷ್ಟಾದರೂ ಓಡಲಿಲ್ಲ! 250ರ ಕನ್ವರ್ಟರಿನೊಳಗೂ ಆ ತಂತಿ ಬಿಟ್ಟಿದ್ದರು. ಇದನ್ನು ಹಿಡಿದ ರೀತಿ ಹೇಳುತ್ತೇನೆ, ಉಪಯೋಗಕ್ಕೆ ಬರುತ್ತೆ. ಕನ್ವರ್ಟರನ್ನು ಮೆಷಿನ್ನಿಗೆ ಹಾಕದೆ, 2 ಮತ್ತು 3ನೇ ಪಿನ್ ಪೇಪರ್ ಕ್ಲಿಪ್ಪಿನಲ್ಲಿ ಸೇರಿಸಿ, ಟರ್ಮಿನಲ್ ಪ್ರೋಗ್ರಾಮಿನಲ್ಲಿ (ಪೋರ್ಟಿಗೆ ಅಕ್ಷರ ಕಳಿಸಿ, ಬಂದದ್ದನ್ನು ತೋರಿಸುವಂಥದ್ದು) ಟೈಪ್ ಮಾಡಿ. ಟೈಪ್ ಮಾಡಿದ್ದು ವಾಪಸ್ ಬಂದರೆ ಅಷ್ಟು ಮಟ್ಟಿಗೆ ಸರಿ. ಆಮೇಲೆ ಹಾರ್ಡ್‌ವೇರ್ ಫ್ಲೋ ಹಾಕಿ, 7 ಮತ್ತು 8ನ್ನೂ ಸೇರಿಸಿ ಟೈಪ್ ಮಾಡಿ, ಬಿಡಿಸಿ ಟೈಪ್ ಮಾಡಿ. ಸೇರಿಸಿದಾಗ ಬಂದು, ಬಿಡಿಸಿದಾಗ ನಿಲ್ಲಬೇಕು. ನನ್ನದರಲ್ಲಿ ಸೇರಿಸಿದರೂ ಬಿಟ್ಟರೂ ವ್ಯತ್ಯಾಸವೇ ಇಲ್ಲ. ಕೊನೆಗೆ ಎಫ್‌ಟಿಡಿಐ ಕಂಪನಿಯ ಚಿಪ್ಪಿರುವ ಕನ್ವರ್ಟರ್ 950 ಕೊಟ್ಟು ತಂದೆ. ಈ ಒಂದರಲ್ಲಿ ಜಿಪುಣತನ ಮಾಡಬೇಡಿ.

ಮೆಷಿನ್ ಕಡೆ ಆ "ತಡಿ" ಸಿಗ್ನಲ್ ಯಾವ ಪಿನ್ನಿಗೆ ಬರುತ್ತೆ ಅನ್ನೋದು ಎಲ್ಲ ಮೆಷಿನ್ನಿನಲ್ಲೂ ಒಂದೇ ಅಲ್ಲ. ನನ್ನದರಲ್ಲಿ ಯಾವುದು ಅಂತ ಬರೆಯೋಲ್ಲ, ಎರಡು ರಾತ್ರಿ ಕೂತು ಹುಡುಕಿದ್ದೇನೆ. ಹುಡುಕುವ ದಾರಿ ಮಾತ್ರ ಹೇಳುತ್ತೇನೆ. ಮೆಷಿನ್ನನ್ನು ಪಾಜ್ (ತಾತ್ಕಾಲಿಕ ನಿಲುಗಡೆ) ಮಾಡಿಟ್ಟು, ಫ್ಲೋ ಕಂಟ್ರೋಲ್ ತೆಗೆದು ದೊಡ್ಡ ಫೈಲ್ ಕಳಿಸಿ. 5ನೇ ಪಿನ್ನಿಗೆ ಮಲ್ಟಿಮೀಟರಿನ ಕಪ್ಪು ತಂತಿ ಇಟ್ಟು, ಕೆಂಪನ್ನು ಒಂದೊಂದೇ ಪಿನ್ನಿಗೆ ಮುಟ್ಟಿಸಿ. ಬಫರ್ ತುಂಬುವಾಗ ಪ್ಲಸ್‌ನಿಂದ ಮೈನಸ್‌ಗೆ ಮಗುಚಿಕೊಳ್ಳುವ ಪಿನ್ ಯಾವುದೋ, ಅದೇ.

ವಿನೈಲ್ ಹಾಳು ಮಾಡಿ ಮಾಡಿ ಬೇಸತ್ತಿದ್ದೆ. ಪರೀಕ್ಷೆಗೆ ಬ್ಲೇಡ್ ತೆಗೆದು ಹೋಲ್ಡರಿಗೆ ಪೆನ್ನಿನ ರೀಫಿಲ್ ಸಿಕ್ಕಿಸಿದೆ, ಟೇಪ್ ಸುತ್ತಿ ಬಿಗಿಮಾಡಿದೆ. ಫೋರ್ಸ್ ಕಮ್ಮಿ ಇಟ್ಟರೆ ಹಳೇ ಕ್ಯಾಲೆಂಡರಿನ ಹಿಂಬದಿಯೇ ಸಾಕು. ಟೆಸ್ಟ್ ಫೈಲಿಗೆ ಅಕ್ಷರ ಯಾಕೆ, ಇನ್ನೂ ಕಷ್ಟದ್ದು ಕೊಡೋಣ ಅಂತ ಮನೆಯವಳು ಬಾಗಿಲಿಗೆ ಹಾಕುವ ಎಳೆ ರಂಗೋಲಿಯ ಫೋಟೋ ತೆಗೆದು ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಟ್ರೇಸ್ ಮಾಡಿದೆ. ಹದಿನೈದು ಚುಕ್ಕಿಯದು, ಇಡೀ ರಂಗೋಲಿಯಲ್ಲಿ ಒಂದು ನೇರ ಗೆರೆ ಇಲ್ಲ. 200 ಕೆಬಿ ಹತ್ತಿರ ಬಂತು. ಇದು ತಪ್ಪಿಲ್ಲದೆ ಬಂದರೆ ಯಾವ ಬೋರ್ಡೂ ಬರುತ್ತೆ. ಹೊಸ ಕೇಬಲ್, ಹೊಸ ಕನ್ವರ್ಟರ್, ಫ್ಲೋ ಹಾರ್ಡ್‌ವೇರ್. ಕಂಪ್ಯೂಟರಿನ ಪಟ್ಟಿ ಸ್ವಲ್ಪ ಹೋಗಿ ನಿಂತಿತು, ಪೆನ್ ಬರೆಯಿತು, ಪಟ್ಟಿ ಮತ್ತೆ ಸ್ವಲ್ಪ ಹೋಯಿತು. ಎರಡೂ ಜೊತೆಜೊತೆಯಾಗಿ, ಎತ್ತು ಜೋಡಿ ನಡೆದ ಹಾಗೆ. ಹೊರಟ ಚುಕ್ಕಿಗೇ ಪೆನ್ ವಾಪಸ್ ಬಂದು ಸೇರಿತು. ಅಂಗಡಿ ಹುಡುಗ ಸೀಟಿ ಹೊಡೆದ.

ಆ ರಂಗೋಲಿಯನ್ನೇ ಆಮೇಲೆ ಬಿಳಿ ವಿನೈಲಿನಲ್ಲಿ ಕತ್ತರಿಸಿ ಹೊಸ್ತಿಲಿಗೆ ಅಂಟಿಸುವ ಸ್ಟಿಕರ್ ಮಾಡಿದೆ. ಗೌರಿ-ಗಣೇಶಕ್ಕೆ ಒಂದಕ್ಕೆ 120ರಂತೆ ಸುಮಾರು ನಲವತ್ತು ಹೋಯಿತು. ಮನೆಯವಳು ಕಮಿಷನ್ ಕೇಳಿದಳು, ಇನ್ನೂ ಕೊಟ್ಟಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹತ್ತು ಕೆಲಸಕ್ಕೆ ಒಂದು ಸಲ ಕಂಪ್ಯೂಟರಿನಿಂದ ಟಣ್ ಅಂತ ಯುಎಸ್‌ಬಿ ಕಿತ್ತ ಶಬ್ದ ಬಂದು ಅರ್ಧಕ್ಕೆ ನಿಲ್ಲುತ್ತಿತ್ತು. ಬಿಸಿಲಿನ ಮಧ್ಯಾಹ್ನ ಜಾಸ್ತಿ. ಪವರ್ ಆಪ್ಷನ್ನಿನಲ್ಲಿ ಯುಎಸ್‌ಬಿ ಮಲಗಿಸುವ ಸೆಟ್ಟಿಂಗ್ ತೆಗೆದೆ, ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಒಂದು ದಿನ ರೋಲ್ ಬಿಚ್ಚುವಾಗ ಕೈ ರೋಮ ನೆಟ್ಟಗಾಗಿ, ಮೆಷಿನ್ ಮುಟ್ಟಿದರೆ ಚುರ್ ಅಂತು. ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ತಿಂಗ್‌ಗೂ ಮೀಟರ್ ಇಟ್ಟರೆ 40 ವೋಲ್ಟಿನ ಆಸುಪಾಸು. ಸರಿಯಾಗಿದ್ದರೆ ಎರಡು-ಮೂರು ದಾಟಬಾರದು. ಬಾಡಿಗೆ ಅಂಗಡಿ, ಮೂರನೇ ಪಿನ್ನಿಗೆ ತಂತಿಯೇ ಇಲ್ಲ, ಬರೀ ಶೋಕಿ. ರೋಲಿನಿಂದ ಹುಟ್ಟುವ ಸ್ಟ್ಯಾಟಿಕ್ ಕರೆಂಟ್ ನೆಲಕ್ಕೆ ಇಳಿಯೋಕೆ ದಾರಿಯಿಲ್ಲದೆ ಯುಎಸ್‌ಬಿಯನ್ನು ಕೆಡಿಸುತ್ತಿತ್ತು. ಓನರ್ ಹತ್ತಿರ ಹೋದರೆ "ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ" ಅಂದರು. ಜಗಳ ಆಡೋ ಬದಲು ಎಲೆಕ್ಟ್ರಿಷಿಯನ್ ಕರೆದು ಹಿಂದುಗಡೆ ಗುಂಡಿ ತೆಗೆಸಿ, ಇದ್ದಿಲು-ಉಪ್ಪು ಹಾಕಿಸಿ ಅರ್ತಿಂಗ್ ಮಾಡಿಸಿದೆ. ಮೂರು ಸಾವಿರ ಚಿಲ್ಲರೆ. ರೋಲನ್ನೂ ಈಗ ಬೇಕಾದಷ್ಟು ಮೊದಲೇ ಬಿಚ್ಚಿ ಇಳಿಬಿಡುತ್ತೇವೆ, ಮೆಷಿನ್ ಕೈಲಿ ಎಳೆಸೋಲ್ಲ. ಅದಾದ ಮೇಲೆ ಆ ಟಣ್ ಶಬ್ದ ಕೇಳಿದ ನೆನಪಿಲ್ಲ.

ಹಾಳಾದ ವಿನೈಲ್, ಕಂಪ್ಯೂಟರ್ ಬಿಟ್ಟು, ಸರ್ವೀಸ್ ಹುಡುಗನಿಗೆ ಕೊಟ್ಟದ್ದೂ ಸೇರಿ ಆರು ಸಾವಿರದ ಸುತ್ತಮುತ್ತ ಆಯಿತು, ಅದರಲ್ಲಿ ಅರ್ಧ ಅರ್ತಿಂಗಿಗೇ.

ಕನ್ನಡದ ನುಡಿ ಫಾಂಟಿನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಅಕ್ಷರವನ್ನು ಕರ್ವ್ಸ್ (ಗೆರೆಗಳು) ಮಾಡಿದ ಮೇಲೆ ಅಕ್ಷರಕ್ಕೂ ಗುಣಿತ, ಒತ್ತಿಗೂ ವೆಲ್ಡ್ ಕೊಟ್ಟು ಒಂದೇ ಆಕಾರ ಮಾಡದಿದ್ದರೆ ಒಂದರ ಮೇಲೊಂದು ಕತ್ತರಿಸುತ್ತೆ, ಬಿಡಿಸುವಾಗ ಚೂರುಚೂರಾಗುತ್ತೆ, ಫೈಲೂ ಸುಮ್ಮನೆ ಊದುತ್ತೆ. ನೋಡ್ (ಗೆರೆಯ ಮೇಲಿನ ಚುಕ್ಕಿ) ಕಮ್ಮಿ ಮಾಡೋಕೆ ನನ್ನದೇ ಒಂದು ಅಳತೆ ಇದೆ. 60 ಕೆಬಿ ಫೈಲ್ 25ಕ್ಕೆ ಇಳಿಯುತ್ತೆ, ಅಕ್ಷರದ ದುಂಡು ಕಣ್ಣಿಗೆ ಕೆಡೋಲ್ಲ. ಅದನ್ನು ಮಾತ್ರ ಕೇಳಬೇಡಿ, ಪಕ್ಕದ ರಸ್ತೆಯವನೂ ಓದುತ್ತಿರುತ್ತಾನೆ.

ಸರ್ವೀಸ್ ಹುಡುಗ ಹೋದ ತಿಂಗಳು ಬೇರೆ ಯಾರದೋ ಮೆಷಿನ್ ನೋಡೋಕೆ ಈ ಕಡೆ ಬಂದವನು ಟೀಗೆ ಅಂತ ಅಂಗಡಿಗೆ ಬಂದ. ಓಡುತ್ತಿದ್ದ ಪ್ಲಾಟರನ್ನು ಸ್ವಲ್ಪ ಹೊತ್ತು ನೋಡಿ, "ಬೋರ್ಡ್ ಎಲ್ಲಿ ಹಾಕಿಸಿದ್ರಿ ಸಾರ್?" ಅಂದ. ಇಲಿ ಕಡಿದ ಕೇಬಲ್ ಮೊಳೆಗೆ ನೇತುಹಾಕಿದ್ದೇನೆ, ಅದನ್ನು ತೋರಿಸಿದೆ.